ನುಡಿ ಫಾಂಟ್‌ನ ಹಳೇ ಕಡತ ಓದುವಂಥ ಪುಟವಾದದ್ದು: ದೊಡ್ಡಮ್ಮನ ಗಿಡಗಳ ಟಿಪ್ಪಣಿಯ ರಿಪೇರಿ ದಾಖಲೆ

ಕೈಯಲ್ಲಿದ್ದದ್ದು ಸುಮಾರು 180 ಪುಟದ ಒಂದು ಹಳೇ ವರ್ಡ್ ಕಡತ. ದೊಡ್ಡಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಕಾಲದಿಂದ ಕೂಡಿಸುತ್ತ ಬಂದ ಗಿಡಮರಗಳ ಟಿಪ್ಪಣಿ ಅದು. ಪ್ರತಿ ಗಿಡಕ್ಕೂ ಕನ್ನಡದ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ವೈಜ್ಞಾನಿಕ ಹೆಸರು, ಆಮೇಲೆ ಎಲೆ, ಹೂವು, ಕಾಯಿ, ಉಪಯೋಗ. ಬಹುಪಾಲು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿದೆ. ಕೊನೆಯ ಕೆಲವು ಅಧ್ಯಾಯ ಮಾತ್ರ ಆಮೇಲೆ ಬೇರೆಯವರು ಯುನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಪದ್ಧತಿ) ಟೈಪ್ ಮಾಡಿಕೊಟ್ಟದ್ದು. ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಮುಕ್ಕಾಲು ಭಾಗ ಕನ್ನಡವೇ ಕಾಣುವುದಿಲ್ಲ.

ದೊಡ್ಡಮ್ಮನಿಗೆ ಬೇಕಾದದ್ದು ಎರಡು. ಕಾಗದದ ಮೇಲೆ ಕಣ್ಣಿಗೆ ಆಯಾಸ ಆಗದ ಹಾಗೆ ಓದಿ ತಿದ್ದಬೇಕು. ತಮ್ಮ ಕಂಪ್ಯೂಟರಿನ ವರ್ಡ್‌ನಲ್ಲಿ ಗಿಡದ ಹೆಸರು ಹುಡುಕಿದರೆ ಸಿಗಬೇಕು. ಮೊದಲು ನಾನು ಇದನ್ನು ಫಾಂಟ್ ಆರಿಸುವ ಕೆಲಸ ಅಂದುಕೊಂಡೇ ಶುರು ಮಾಡಿದ್ದೆ. ಆದರೆ ಪಠ್ಯವೇ ಸರಿ ಇಲ್ಲದಿದ್ದರೆ ಯಾವ ಫಾಂಟೂ ಅದನ್ನು ಸರಿ ಮಾಡುವುದಿಲ್ಲ. ಅದಕ್ಕೇ ಇಲ್ಲಿ ಫಾಂಟ್ ಬರುವುದು ಐದನೇ ಹಂತದಲ್ಲಿ.

ಬಳಸಿದ್ದು: ಲಿಬ್ರೆಆಫೀಸ್ ರೈಟರ್ (ವರ್ಡ್ ಥರದ್ದೇ ಉಚಿತ ತಂತ್ರಾಂಶ), ಪರೀಕ್ಷೆಗೆ ವರ್ಡ್, ಪೈಥಾನ್ ಭಾಷೆಯಲ್ಲಿ ಬರೆದ ಒಂದು ಸಣ್ಣ ಸ್ಕ್ರಿಪ್ಟ್ (ಪ್ರೋಗ್ರಾಂ), ಪ್ರಿಂಟರ್, ಪೆನ್ಸಿಲ್, ಅಡಿಪಟ್ಟಿ. ತಂತ್ರಾಂಶಕ್ಕೆ, ಫಾಂಟಿಗೆ ಹೊಸದಾಗಿ ದುಡ್ಡು ಕೊಡಬೇಕಾಗಲಿಲ್ಲ. ಖರ್ಚಾದದ್ದು ಕಾಗದ ಮತ್ತು ಇಂಕು.

ಹಂತ 1: ಏನು ಕೆಟ್ಟಿದೆ ಅಂತ ನೋಡುವುದು

ಮೂಲ ಕಡತದ ಒಂದು ಪ್ರತಿ ಮಾಡಿ, ಮೂಲವನ್ನು ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಟ್ಟೆ. ಪ್ರತಿಯನ್ನು ವರ್ಡ್‌ನ ಹೊಸ ಡಾಕ್ಸ್ (docx) ರೂಪದಲ್ಲಿ ಉಳಿಸಿದೆ.

‘ಕನ್ನಡ’ ಅನ್ನುವ ಪದ ಇರಬೇಕಾದ ಜಾಗದಲ್ಲಿ ಕಂಡದ್ದು ಹೀಗೆ: ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಬಿ ಥರ ಕಾಣುವ ಅಕ್ಷರ, ಸಣ್ಣ ಕ್ಯೂ, ಮತ್ತೆ ಅದೇ ಎ. ಒಟ್ಟು ಏಳು ಚಿಹ್ನೆ. ನುಡಿಯ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಆ ಓರೆಗೆರೆಯ ಎ ನಮ್ಮ ತಲೆಕಟ್ಟು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚೂರುಗಳು ಕೂಡಿ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದ ಕಡೆ ಕಡತದಲ್ಲಿ ನಿಜವಾಗಿ ಏನಿದೆಯೋ ಅದೇ ಕಾಣುತ್ತದೆ.

ಹಳೇ ಫಾಂಟ್ ಹಾಕಿಕೊಂಡರೆ ಸಾಕಲ್ವಾ ಅಂತ ಕೇಳಬಹುದು. ಪ್ರಿಂಟ್ ಮಾತ್ರ ಬೇಕಿದ್ದರೆ ಸಾಕು. ಆದರೆ ಹೊಸದಾಗಿ ಟೈಪ್ ಮಾಡಿದ ‘ಬೇವು’ ಆ ಕಡತದ ‘ಬೇವು’ ಜೊತೆ ಎಂದೂ ಹೊಂದುವುದಿಲ್ಲ. ಹುಡುಕಾಟ ನಡೆಯುವುದಿಲ್ಲ, ಅಕಾರಾದಿ ಜೋಡಿಸಲೂ ಆಗುವುದಿಲ್ಲ. ಯುನಿಕೋಡ್‌ಗೆ ಬದಲಾಯಿಸಲೇಬೇಕಿತ್ತು.

ಹಂತ 2: ಪೂರ್ತಿ ಪಠ್ಯ ಒಟ್ಟಿಗೆ ಪರಿವರ್ತಿಸಿದ್ದು, ಕೆಲಸಕ್ಕೆ ಬರಲಿಲ್ಲ

ಎಲ್ಲವನ್ನೂ ಕಾಪಿ ಮಾಡಿ ಒಂದು ಪರಿವರ್ತಕದ ಪೆಟ್ಟಿಗೆಗೆ ಅಂಟಿಸಿದೆ. ಕನ್ನಡ ಬಹುಪಾಲು ಸರಿಯಾಗಿ ಬಂತು. ವೈಜ್ಞಾನಿಕ ಹೆಸರುಗಳು ಪೂರ್ತಿ ಹಾಳಾದವು. ಪರಿವರ್ತಕಕ್ಕೆ ಎದುರಿಗಿರುವುದು ನಿಜವಾದ ಇಂಗ್ಲಿಷೋ ಕನ್ನಡದ ಚೂರೋ ಗೊತ್ತಾಗುವುದಿಲ್ಲ. ನುಡಿಯಲ್ಲಿ ದೊಡ್ಡ ಎ ಅಂದರೆ ಸೊನ್ನೆ. ಹಾಗಾಗಿ ಬೇವಿನ ಹೆಸರಾದ ಅಜಾಡಿರಾಕ್ಟಾ ಇಂಡಿಕಾದ ಮೊದಲ ಅಕ್ಷರ ಅನುಸ್ವಾರವಾಗಿ, ಉಳಿದದ್ದು ಅರ್ಥವಿಲ್ಲದ ಗುಣಿತಗಳ ಸಾಲಾಗಿ ನಿಂತಿತ್ತು. ಜೊತೆಗೆ ದಪ್ಪಕ್ಷರ, ತಲೆಬರಹ, ಕೋಷ್ಟಕ ಎಲ್ಲವೂ ಹೋಗಿದ್ದವು.

ಪಠ್ಯದಲ್ಲಿ ಇಂಗ್ಲಿಷ್ ಒಂದಕ್ಷರವೂ ಇಲ್ಲ ಅಂತ ಖಾತ್ರಿ ಇದ್ದರೆ ಈ ದಾರಿ ಸುಲಭ. ಇಲ್ಲದಿದ್ದರೆ ಈ ಕಡೆ ಹೋಗಲೇಬೇಡಿ.

ಹಂತ 3: ಫಾಂಟ್ ನೋಡಿಕೊಂಡು ತುಂಡುತುಂಡಾಗಿ ಪರಿವರ್ತನೆ

ಡಾಕ್ಸ್ ಕಡತದೊಳಗೆ ಪಠ್ಯ ಸಣ್ಣ ತುಂಡುಗಳಾಗಿ ಇರುತ್ತದೆ. ಇವಕ್ಕೆ ರನ್ ಅನ್ನುತ್ತಾರೆ. ಸಾಮಾನ್ಯವಾಗಿ ರನ್‌ನಲ್ಲೇ ಅದರ ಫಾಂಟ್ ಬರೆದಿರುತ್ತದೆ. ಪೈಥಾನ್-ಡಾಕ್ಸ್ (ಡಾಕ್ಸ್ ಕಡತ ತಿದ್ದುವ ಪೈಥಾನ್ ಸಲಕರಣೆ) ಬಳಸಿ ಒಂದು ಸ್ಕ್ರಿಪ್ಟ್ ಬರೆದೆ: ಫಾಂಟಿನ ಹೆಸರು ನುಡಿ ಅಂತ ಶುರುವಾದರೆ ಪರಿವರ್ತಿಸು, ಇಲ್ಲದಿದ್ದರೆ ಮುಟ್ಟಬೇಡ. ಯಾವ ಚೂರಿಗೆ ಯಾವ ಅಕ್ಷರ ಅನ್ನುವ ಪಟ್ಟಿಯನ್ನು ಒಂದು ಮುಕ್ತ ಪರಿವರ್ತಕದಿಂದ ತೆಗೆದುಕೊಂಡೆ. ವೈಜ್ಞಾನಿಕ ಹೆಸರುಗಳು ಉಳಿದವು. ಆದರೆ ಬೇರೆ ತೊಂದರೆಗಳು ಎದ್ದವು. ಈ ಕೆಲಸದಲ್ಲಿ ಸಮಯ ಜಾಸ್ತಿ ತಿಂದದ್ದು ಇವೇ.

ಮೊದಲನೆಯದು, ರನ್‌ಗಳು ಅಕ್ಷರದ ನಡುವೆಯೇ ಒಡೆದಿರುವುದು. ನುಡಿಯಲ್ಲಿ ‘ಯ’ ಒಂದೇ ಚಿಹ್ನೆಯಲ್ಲ, ನಾಲ್ಕು ಚೂರು. ಮೊದಲ ಚೂರು ಅದೇ ಸೊನ್ನೆ. ‘ಮ’ ಅಂದರೆ ‘ವ’ ಬರೆದು ಕೊನೆಗೊಂದು ಕೊಂಬು. ವರ್ಡ್‌ನಲ್ಲಿ ಹಿಂದೆ ಯಾವಾಗಲೋ ಆ ಜಾಗದಲ್ಲಿ ತಿದ್ದಿದ್ದರೆ, ಅರ್ಧ ‘ಯ’ ಒಂದು ರನ್‌ನಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ಬೇರೆಬೇರೆ ಪರಿವರ್ತಿಸಿದರೆ ‘ಯ’ ಹೋಗಿ ಸೊನ್ನೆ ಮಾತ್ರ ಉಳಿಯುತ್ತದೆ, ‘ಮ’ ಹೋಗಿ ‘ವ’ ಆಗುತ್ತದೆ. ‘ಮರ’ ಇದ್ದ ಕಡೆ ‘ವರ’ ಕಂಡದ್ದು ಹೀಗೆ. ಪರಿಹಾರ: ಅಕ್ಕಪಕ್ಕದ ರನ್‌ಗಳ ಫಾಂಟ್, ಗಾತ್ರ, ದಪ್ಪ ಒಂದೇ ಆಗಿದ್ದರೆ ಮೊದಲು ಅವನ್ನು ಸೇರಿಸಿ, ಆಮೇಲೆ ಪರಿವರ್ತಿಸಬೇಕು. ಪಟ್ಟಿಯಲ್ಲಿ ಉದ್ದದ ಜೋಡಣೆಗಳನ್ನು ಮೊದಲು ಹೊಂದಿಸಿ ನೋಡಬೇಕು. ಸೊನ್ನೆಗಿಂತ ಮುಂಚೆ ‘ಯ’ ನೋಡಲೇಬೇಕು.

ಎರಡನೆಯದು ಅರ್ಕಾವತ್ತು. ನುಡಿಯಲ್ಲಿ ಅದನ್ನು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ವ್ಯಂಜನ ಮುಗಿದ ಮೇಲೆ ಇಡುತ್ತಾರೆ. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿ, ರಕಾರ ಮೊದಲು. ಹಿಂದೆ ಮುಂದೆ ಮಾಡುವುದನ್ನು ಪರಿವರ್ತಕ ಮರೆತರೆ ‘ಕಾರ್ಯ’ ಹೋಗಿ ‘ಕಾಯರ್’, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ಇಂಥ ‘ವಷರ್’ಗಳನ್ನು ನೆಟ್‌ನಲ್ಲಿ ಎಲ್ಲರೂ ನೋಡಿರುತ್ತೀರಿ. ನನ್ನ ಕಡತದಲ್ಲಿ ಅರ್ಕಾವತ್ತು ಮಾತ್ರ ಬೇರೆ ರನ್‌ನಲ್ಲಿದ್ದ ಕಡೆ ಹೀಗಾಗಿತ್ತು. ರನ್ ಸೇರಿಸಿದ ಮೇಲೆ ಹೆಚ್ಚಿನವು ಸರಿಹೋದವು. ಉಳಿದವನ್ನು ಕೈಯಿಂದಲೇ ನೋಡಬೇಕಾಯಿತು. ‘ರ್’ನಿಂದ ಮುಗಿಯುವ ಪದಗಳನ್ನೆಲ್ಲ ಹುಡುಕಿದರೆ ಮೀಟರ್, ಪೌಡರ್ ಥರದ ಸರಿಯಾದ ಪದಗಳೂ ಸಿಗುತ್ತವೆ. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಅವೂ ಕೆಡುತ್ತವೆ.

ಮೂರನೆಯದು, ಕೆಲವು ರನ್‌ಗಳಿಗೆ ಫಾಂಟಿನ ಹೆಸರೇ ಇರಲಿಲ್ಲ. ಹೆಸರು ಶೈಲಿಯಲ್ಲಿ (ಸ್ಟೈಲ್, ಅಂದರೆ ಒಂದು ಬಗೆಯ ಪಠ್ಯಕ್ಕೆಲ್ಲ ಒಟ್ಟಿಗೆ ಕೊಡುವ ರೂಪ) ಇತ್ತು. ತಲೆಬರಹಗಳೆಲ್ಲ ಪರಿವರ್ತನೆಯಾಗದೆ ಉಳಿದದ್ದು ಇದರಿಂದ. ರನ್‌ನಲ್ಲಿ ಹೆಸರಿಲ್ಲದಿದ್ದರೆ ಪ್ಯಾರಾ ಶೈಲಿಯನ್ನು ನೋಡು ಅಂತ ಒಂದು ಸಾಲು ಸೇರಿಸಿದೆ.

ಅಂಕಿಗಳದ್ದು ಚಿಕ್ಕ ವಿಷಯ. ನುಡಿ ಫಾಂಟಿನ ಹೆಸರಿನ ಕೊನೆಯಲ್ಲಿ ಇ ಇದ್ದರೆ ಅಂಕಿ ಇಂಗ್ಲಿಷಿನದು, ಕೆ ಇದ್ದರೆ ಕನ್ನಡದ್ದು. ಕಡತದಲ್ಲಿ ಎರಡೂ ಇದ್ದವು. ಎಲೆಯ ಉದ್ದ ಒಂದು ಪುಟದಲ್ಲಿ ೧೨ ಸೆಂ.ಮೀ., ಇನ್ನೊಂದರಲ್ಲಿ 12 ಸೆಂ.ಮೀ. ದೊಡ್ಡಮ್ಮನನ್ನು ಕೇಳಿ ಎಲ್ಲ ಕಡೆ 12 ಮಾಡಿದೆ.

ಹಂತ 4: ಕಣ್ಣಿಗೆ ಕಾಣದ ದೋಷಗಳು

ಈಗ ಪುಟ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ‘ಬೇವು’ ಅಂತ ಹುಡುಕಿದೆ. ಬೇವಿನ ಪುಟವೇ ಸಿಗಲಿಲ್ಲ!

ಕಾರಣ ಇದು. ಯುನಿಕೋಡ್‌ನಲ್ಲಿ ‘ೇ’ ಒಂದೇ ಸಂಕೇತವಾಗಿಯೂ ಇದೆ, ‘ೆ’ ಮತ್ತು ದೀರ್ಘದ ಗುರುತು ‘ೕ’ ಎರಡನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ನುಡಿಯಲ್ಲಿ ದೀರ್ಘಕ್ಕೆ ಬೇರೆ ಚೂರು ಇರುವುದರಿಂದ ಪರಿವರ್ತನೆಯಲ್ಲಿ ಅದು ಬೇರೆಯಾಗಿಯೇ ಉಳಿದಿತ್ತು. ಕೀಲಿಮಣೆಯಿಂದ ನಾವು ಒತ್ತುವುದು ಒಂದೇ ಸಂಕೇತದ ‘ೇ’. ಎರಡೂ ಹೇಗೆ ಹೊಂದಬೇಕು?

ರೈಟರ್‌ನ ಹುಡುಕು-ಬದಲಿಸು ಪೆಟ್ಟಿಗೆಯಲ್ಲಿ ಈ ಕ್ರಮದಲ್ಲೇ ಬದಲಾಯಿಸಿದೆ:

‘ಿ’ + ‘ೕ’ → ‘ೀ’
‘ೆ’ + ‘ೕ’ → ‘ೇ’
‘ೆ’ + ‘ೖ’ → ‘ೈ’
‘ೆ’ + ‘ೂ’ → ‘ೊ’
‘ೊ’ + ‘ೕ’ → ‘ೋ’

ಕೊನೆಯ ಎರಡರ ಕ್ರಮ ತಪ್ಪಬಾರದು. ಮೊದಲು ‘ೊ’ ಆಗಬೇಕು, ಅದರಿಂದ ‘ೋ’. ಇನ್ನೊಂದು ವಿಷಯ. ಬರೀ ಗುಣಿತದ ಗುರುತನ್ನು ಸಾದಾ ಹುಡುಕಾಟಕ್ಕೆ ಕೊಟ್ಟರೆ ರೈಟರ್‌ಗೆ ಸಿಗಲಿಲ್ಲ. ‘ರೆಗ್ಯುಲರ್ ಎಕ್ಸ್‌ಪ್ರೆಶನ್’ (ಸೂತ್ರ ಕೊಟ್ಟು ಹುಡುಕುವುದು) ಗುರುತು ಹಾಕಿದ ಮೇಲೆ ಸಿಕ್ಕಿತು. ಸ್ಕ್ರಿಪ್ಟ್ ಬರೆಯುವವರು ಪೈಥಾನ್‌ನ ಯುನಿಕೋಡ್ ನಾರ್ಮಲೈಸೇಶನ್ ಅನ್ನು ಕೊನೆಗೆ ಒಮ್ಮೆ ಓಡಿಸಿದರೆ ಈ ಐದೂ ಒಟ್ಟಿಗೆ ಸರಿಹೋಗುತ್ತವೆ.

ಆಮೇಲೆ ಯುನಿಕೋಡ್‌ನಲ್ಲೇ ಟೈಪ್ ಆಗಿದ್ದ ಅಧ್ಯಾಯಗಳು. ಅಲ್ಲಿ ಬೇರೆಯದೇ ರೋಗ. ಅನುಸ್ವಾರ ‘ಂ’ ಇರಬೇಕಾದ ಕಡೆಯೆಲ್ಲ ಅಂಕಿಯ ಸೊನ್ನೆ ‘೦’ ಇತ್ತು. ‘ಗಂಧ’ ಮತ್ತು ‘ಗ೦ಧ’. ಹತ್ತಿರದಿಂದ ನೋಡಿದರೂ ಕೆಲವು ಫಾಂಟ್‌ಗಳಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಇದನ್ನು ಹುಡುಕಲು ಬರೆದ ಸೂತ್ರ:

(?<=[ಅ-್])೦

ಅಂದರೆ ಸ್ವರ, ವ್ಯಂಜನ ಅಥವಾ ಗುಣಿತ ಆದ ಕೂಡಲೇ ಬಂದ ಸೊನ್ನೆ ಮಾತ್ರ. ಬದಲಿಗೆ ‘ಂ’. ‘೧೦’, ‘೨೦೦’ ಥರದ ನಿಜವಾದ ಅಂಕಿಗಳನ್ನು ಇದು ಮುಟ್ಟುವುದಿಲ್ಲ. ಹಾಗೇ ವಿಸರ್ಗದ ಜಾಗದಲ್ಲಿ ಕೋಲನ್ ಇತ್ತು, ‘ಅಂತ:ಸತ್ವ’ ಅಂತ. ಇಲ್ಲಿ ಸೂತ್ರ ನಂಬಲಿಲ್ಲ. ‘ಉಪಯೋಗ:’ ಅನ್ನುವುದರಲ್ಲಿ ಕೋಲನ್ ಸರಿಯೇ ಇದೆ. ಒಂದೊಂದಾಗಿ ನೋಡಿ ಬದಲಾಯಿಸಿದೆ.

ಇನ್ನು ‘ವಿಟಮಿನ್ಗಳು’, ‘ಆಲ್ಕಲಾಯ್ಡ್ಗಳು’. ಬೇಕಾದದ್ದು ‘ವಿಟಮಿನ್‌ಗಳು’, ‘ಆಲ್ಕಲಾಯ್ಡ್‌ಗಳು’. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಯುನಿಕೋಡ್ ಅದನ್ನು ಒತ್ತಕ್ಷರವೇ ಮಾಡುತ್ತದೆ. ಬೇಡ ಅನ್ನಲು ನಡುವೆ ಕಾಣದ ಒಂದು ಸಂಕೇತ ಬೇಕು, ಜೋಡಿಸಬೇಡ ಅನ್ನುವ ಸಂಕೇತ. ರೈಟರ್‌ನಲ್ಲೂ ವರ್ಡ್‌ನಲ್ಲೂ ಇಂಗ್ಲಿಷ್ ಕೀಲಿಯಲ್ಲಿ 200 ಮತ್ತು ಸಿ ಒತ್ತಿ, ಕೂಡಲೇ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ಒಂದು ಕಡೆ ಹಾಕಿ, ಅಲ್ಲಿಂದ ಕಾಪಿ ಮಾಡಿ ಬದಲಿಸು ಪೆಟ್ಟಿಗೆಗೆ ಅಂಟಿಸಿದೆ. ಮುನ್ನುಡಿಯ ‘ರ‍್ಯಾಂಕ್’ಗೆ ಇದರ ಜೋಡಿ ಸಂಕೇತ ಬೇಕಾಯಿತು, 200 ಮತ್ತು ಡಿ. ಅದನ್ನು ರಕಾರ ಆದ ಕೂಡಲೇ, ಅರ್ಧಾಕ್ಷರದ ಗುರುತಿಗಿಂತ ಮುಂಚೆ ಇಡಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ.

ಕೊನೆಗೆ, ಚುಕ್ಕಿಗಳ ವೃತ್ತ ಎಲ್ಲಿ ಕಂಡರೂ ನಿಲ್ಲಿ. ಆಧಾರದ ಅಕ್ಷರವಿಲ್ಲದೆ ಗುಣಿತ ಒಂಟಿಯಾಗಿದೆ, ಅಥವಾ ಒಂದೇ ಅಕ್ಷರಕ್ಕೆ ಎರಡು ಗುಣಿತ ಬಿದ್ದಿವೆ ಅಂತ ಅರ್ಥ. ಅದು ಫಾಂಟಿನ ದೋಷವಲ್ಲ, ಪಠ್ಯದ ದೋಷ. ಫಾಂಟ್ ಬದಲಾಯಿಸಿದರೆ ಹೋಗುವುದಿಲ್ಲ.

ಹಂತ 5: ಫಾಂಟ್ ಆರಿಸಿದ್ದು

ಮೊದಲು ರೈಟರ್‌ನ ಆಯ್ಕೆಗಳಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ, ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಗುರುತು ಹಾಕಿ, ಭಾಷೆ ಕನ್ನಡ ಅಂತ ಕೊಡಬೇಕು. ಆಗ ಪ್ಯಾರಾ ಶೈಲಿಯ ಫಾಂಟ್ ಪುಟದಲ್ಲಿ ಎರಡು ಭಾಗ ಕಾಣುತ್ತವೆ, ಒಂದು ಪಾಶ್ಚಾತ್ಯ ಲಿಪಿಗೆ, ಇನ್ನೊಂದು ನಮ್ಮ ಥರದ ಲಿಪಿಗಳಿಗೆ. ಕನ್ನಡಕ್ಕೆ ಲೆಕ್ಕಕ್ಕೆ ಬರುವುದು ಎರಡನೆಯದು ಮಾತ್ರ. ಮೊದಲನೆಯದನ್ನು ಎಷ್ಟು ಬದಲಾಯಿಸಿದರೂ ಕನ್ನಡ ಅಲುಗಾಡುವುದಿಲ್ಲ. ಫಾಂಟ್ ಬದಲಾಯಿಸಿದರೂ ಏನೂ ಆಗ್ತಿಲ್ಲ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಇದರಿಂದ ಒಂದು ಲಾಭವೂ ಇದೆ. ವೈಜ್ಞಾನಿಕ ಹೆಸರನ್ನು ಓರೆ ಅಕ್ಷರದಲ್ಲಿ ಬರೆಯುವುದು ಪದ್ಧತಿ. ಕನ್ನಡವನ್ನು ಓರೆ ಮಾಡಿದರೆ ಓದುವುದು ಕಷ್ಟ, ನಮ್ಮ ಗುಂಡಗಿನ ಅಕ್ಷರಗಳಿಗೆ ಅದು ಒಗ್ಗುವುದೇ ಇಲ್ಲ. ‘ಸಸ್ಯನಾಮ’ ಅಂತ ಒಂದು ಅಕ್ಷರ ಶೈಲಿ ಮಾಡಿ, ಪಾಶ್ಚಾತ್ಯ ಭಾಗಕ್ಕೆ ಮಾತ್ರ ಓರೆ ಕೊಟ್ಟೆ, ಕನ್ನಡದ ಭಾಗ ನೆಟ್ಟಗೇ ಉಳಿಯಿತು.

ಫಾಂಟ್ ಪರೀಕ್ಷೆಗೆ ಇದೇ ಟಿಪ್ಪಣಿಯಿಂದ ಕಷ್ಟದ ಪದಗಳನ್ನು ಆಯ್ದೆ: ಅಶ್ವತ್ಥ, ಭೃಂಗರಾಜ, ಬ್ರಾಹ್ಮಿ, ಜ್ಯೋತಿಷ್ಮತಿ, ವೈಶಿಷ್ಟ್ಯ, ಸಾಮರ್ಥ್ಯ, ಸಸ್ಯಶಾಸ್ತ್ರ, ಉಷ್ಣ, ಫಲ. ಜೊತೆಗೆ ಗೊಂದಲದ ಜೋಡಿಗಳು: ದ ಧ ಥ, ಬ ಭ, ಪ ಫ ಷ, ಡ ಢ, ರ ಠ, ಎ ಏ, ಒ ಓ. ಒಂದು ಹಾಳೆಗೆ ಒಂದು ಫಾಂಟ್, ಅದರಲ್ಲಿ 11, 12, 13, 14 ಪಾಯಿಂಟ್‌ಗಳಲ್ಲಿ ಇದೇ ಸಾಲುಗಳು. ಪರದೆಯಲ್ಲಿ ನೋಡಿ ತೀರ್ಮಾನ ಮಾಡಲಿಲ್ಲ. ಅಲ್ಲಿ ಹಿಗ್ಗಿಸಿ ನೋಡುವುದು ಅಭ್ಯಾಸವಾಗಿ, ನಿಜವಾದ ಗಾತ್ರ ಮರೆತೇಹೋಗುತ್ತದೆ. ಪ್ರಿಂಟ್ ತೆಗೆದು ದೊಡ್ಡಮ್ಮನ ಕೈಗೆ ಕೊಟ್ಟು ಜೋರಾಗಿ ಓದಿಸಿದೆ. ಎಲ್ಲಿ ತಡವರಿಸಿದರೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ.

‘ಅಶ್ವತ್ಥ’ದ ಹತ್ತಿರ ಅವರು ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದರು. “ಇಲ್ಲಿ ಒತ್ತು ಥಕಾರವೋ ಧಕಾರವೋ ಗೊತ್ತಾಗ್ತಿಲ್ಲ ಕಣೋ. ನಂಗೆ ಪದ ಗೊತ್ತಿದೆ, ಓದಿಬಿಡ್ತೀನಿ. ಮಕ್ಕಳು ಹೇಗೆ ಓದ್ತಾರೆ?” ಅಂದರು. ಅದು ಟುಂಗಾ ಅನ್ನುವ ಫಾಂಟಿನ 12 ಪಾಯಿಂಟ್ ಸಾಲು. ಒತ್ತಿನೊಳಗಿನ ಚುಕ್ಕಿ ಇಂಕಿನಲ್ಲಿ ಮುಚ್ಚಿಹೋಗಿತ್ತು. ಅಲ್ಲಿಂದ ನನ್ನ ಅಳತೆಗೋಲು ಅದೇ ಆಯಿತು: ಒತ್ತು ಥಕಾರದ ಚುಕ್ಕಿ, ಮಹಾಪ್ರಾಣದ ಸೀಳು ಕಾಗದದ ಮೇಲೆ ಕಾಣಬೇಕು.

ನೋಡಿದ ಫಾಂಟ್‌ಗಳ ಬಗ್ಗೆ ನನ್ನ ಟಿಪ್ಪಣಿ:

ಟುಂಗಾ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇರುವುದು. ಅದೇ ಪಾಯಿಂಟ್‌ನಲ್ಲಿ ಉಳಿದವಕ್ಕಿಂತ ಚಿಕ್ಕದಾಗಿ, ತೆಳ್ಳಗೆ ಕಾಣುತ್ತದೆ. ಈ ಕೆಲಸಕ್ಕೆ ಬೇಡ.

ನಿರ್ಮಲಾ ಯುಐ. ವಿಂಡೋಸ್ 8ರಿಂದ ಜೊತೆಗೇ ಬರುತ್ತದೆ. ಪರದೆಯ ಮೇಲೆ ಚೊಕ್ಕಟ. ಹೆಸರೇ ಹೇಳುವ ಹಾಗೆ ಅದು ಮೆನು, ಗುಂಡಿಗಳಿಗೆ ಮಾಡಿದ್ದು. ಪುಟಗಟ್ಟಲೆ ಓದಲು ಒಂದೇ ದಪ್ಪದ ಗೆರೆ ಸ್ವಲ್ಪ ನೀರಸ.

ನೋಟೊ ಸ್ಯಾನ್ಸ್ ಕನ್ನಡ. ಸ್ಪಷ್ಟ. ಕೋಷ್ಟಕಕ್ಕೆ, ಚಿತ್ರದ ಅಡಿಬರಹಕ್ಕೆ ಇದನ್ನೇ ಇಟ್ಟುಕೊಂಡೆ.

ಟಿರೊ ಕನ್ನಡ. ಇದು ನನಗೆ ತುಂಬಾ ಇಷ್ಟವಾಯಿತು. ಹಳೇ ಒಳ್ಳೆಯ ಮುದ್ರಣದ ಪುಸ್ತಕದ ಅಕ್ಷರಗಳ ಹಾಗೆ ದಪ್ಪ ತೆಳು ಗೆರೆಗಳ ಹದ ಇದೆ, ಒತ್ತುಗಳು ಅಂದವಾಗಿ ಕೂರುತ್ತವೆ. ಅರ್ಧ ಪುಸ್ತಕಕ್ಕೆ ಹಾಕಿಯೂ ಆಗಿತ್ತು. ಆದರೆ ಇದರಲ್ಲಿ ಇರುವುದು ಸಾದಾ ಮತ್ತು ಓರೆ ಎರಡೇ, ದಪ್ಪಕ್ಷರ ಇಲ್ಲ. ಬಿ ಗುಂಡಿ ಒತ್ತಿದರೆ ತಂತ್ರಾಂಶ ತಾನೇ ಗೆರೆಗಳನ್ನು ಉಬ್ಬಿಸುತ್ತದೆ. ಟಿಪ್ಪಣಿಯಲ್ಲಿ ಪ್ರತಿ ಗಿಡದ ಹೆಸರೂ ದಪ್ಪಕ್ಷರ. ಉಬ್ಬಿಸಿದ ‘ಬ್ರಾಹ್ಮಿ’ಯಲ್ಲಿ ಒಳಗಿನ ಬಿಳಿ ಜಾಗವೇ ತುಂಬಿಹೋಯಿತು. ಮನಸ್ಸಿಲ್ಲದಿದ್ದರೂ ಬಿಟ್ಟೆ. ದಪ್ಪಕ್ಷರ ಬೇಡದ ಕತೆ, ಕವನಕ್ಕೆ ಇದನ್ನೇ ಹಾಕುತ್ತೇನೆ.

ನೋಟೊ ಸೆರಿಫ್ ಕನ್ನಡ. ಕೊನೆಗೆ ಉಳಿದದ್ದು ಇದು. ಗೆರೆಯಲ್ಲಿ ದಪ್ಪ ತೆಳು ಇದೆ, ನಿಜವಾದ ದಪ್ಪಕ್ಷರವೂ ಇದೆ. 13 ಪಾಯಿಂಟ್‌ನಲ್ಲಿ ದೊಡ್ಡಮ್ಮ ಎಲ್ಲೂ ನಿಲ್ಲದೆ ಓದಿದರು. 12ರಲ್ಲಿ ‘ಜ್ಯೋತಿಷ್ಮತಿ’ಯ ಬಳಿ ಒಂದು ಕ್ಷಣ ನಿಂತಿದ್ದರು.

ಬಲೂ ತಮ್ಮ 2. ಅಧ್ಯಾಯದ ಹೆಸರಿಗೆ ಮಾತ್ರ. ದುಂಡಗೆ ಚೆನ್ನಾಗಿದೆ, ಪ್ಯಾರಾ ತುಂಬ ಹಾಕಿದರೆ ಭಾರ.

ವೈಜ್ಞಾನಿಕ ಹೆಸರಿಗೆ ನೋಟೊ ಸೆರಿಫ್‌ನ ಓರೆ. ಕನ್ನಡದ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ದೊಡ್ಡದಾಗಿ ಕಂಡಿತು. ಅದನ್ನು 11.5 ಪಾಯಿಂಟ್‌ಗೆ ಇಳಿಸಿದ ಮೇಲೆ ಸಾಲು ಸಮವಾಯಿತು.

ಫಾಂಟ್ ಹಾಕಿಕೊಳ್ಳುವಾಗ ಒಂದು ಎಚ್ಚರ. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ನೋಟೊದ ಜಿಪ್‌ನಲ್ಲಿ ಎಲ್ಲ ದಪ್ಪವೂ ಸೇರಿದ ವೇರಿಯಬಲ್ ಕಡತ ಒಂದು, ‘ಸ್ಟ್ಯಾಟಿಕ್’ ಅನ್ನುವ ಫೋಲ್ಡರ್ ಒಂದು ಇರುತ್ತದೆ. ಪದಸಂಸ್ಕಾರಕಕ್ಕೆ ಸ್ಟ್ಯಾಟಿಕ್ ಫೋಲ್ಡರಿನ ಸಾದಾ ಮತ್ತು ದಪ್ಪ ಹಾಕಿಕೊಳ್ಳಿ. ವೇರಿಯಬಲ್ ಹಾಕಿದಾಗ ನನ್ನ ಪಿಡಿಎಫ್‌ನಲ್ಲಿ ದಪ್ಪಕ್ಷರ ಸಾದಾ ಆಗಿ ಬಂತು.

ಹಂತ 6: ಸಾಲಿನ ಅಂತರ, ಅಂಚು

ಕನ್ನಡದ ಸಾಲಿಗೆ ಕೆಳಗಡೆ ಜಾಗ ಜಾಸ್ತಿ ಬೇಕು. ‘ವೈಶಿಷ್ಟ್ಯ’ದಲ್ಲಿ ಒತ್ತಿನ ಕೆಳಗೆ, ಪಕ್ಕಕ್ಕೆ ಇನ್ನೊಂದು ಒತ್ತು. ಅದರ ಕೆಳಗಿನ ಸಾಲಿನಲ್ಲಿ ‘ಕೀ’, ‘ಗಿ’ ಥರದ ಗುಡಿಸು ಬಂದರೆ ಎರಡೂ ತಾಗುತ್ತವೆ. ಹಳೇ ಕಡತದಲ್ಲಿ ಅಂತರ ‘ನಿಗದಿತ 14 ಪಾಯಿಂಟ್’ ಅಂತಿತ್ತು, ಪರದೆಯಲ್ಲಿ ಒತ್ತುಗಳ ಬುಡವೇ ಕತ್ತರಿಸಿದ ಹಾಗೆ ಕಾಣುತ್ತಿತ್ತು. ಒತ್ತು ಅರ್ಧ ಕಾಣುತ್ತಿದೆ ಅಂತಾದರೆ ಮೊದಲು ನೋಡಬೇಕಾದದ್ದು ಫಾಂಟನ್ನಲ್ಲ, ಈ ಸಂಖ್ಯೆಯನ್ನು.

ಅನುಪಾತದ ಅಂತರ ಕೊಟ್ಟು ನೋಡಿದೆ. ವೈಜ್ಞಾನಿಕ ಹೆಸರಿರುವ ಸಾಲು, ಇಲ್ಲದ ಸಾಲು ಒಂದೊಂದು ಎತ್ತರ ಆದವು. ಒಂದೊಂದು ಫಾಂಟಿಗೆ ಅದರದೇ ಎತ್ತರ ಇರುತ್ತದೆ. ಆಮೇಲೆ ಮತ್ತೆ ನಿಗದಿತಕ್ಕೇ ಬಂದು, ದೊಡ್ಡ ಸಂಖ್ಯೆ ಕೊಟ್ಟೆ: 22 ಪಾಯಿಂಟ್. ‘ವೈಶಿಷ್ಟ್ಯ’ದ ಕೆಳಗೆ ‘ಕೀಟ’ ಬರುವ ಹಾಗೆ ಎರಡು ಸಾಲು ಪ್ರಿಂಟ್ ಮಾಡಿ ಅಡಿಪಟ್ಟಿ ಇಟ್ಟು ನೋಡಿದೆ. ನಡುವೆ ಒಂದು ಮಿಲಿಮೀಟರಿನಷ್ಟು ಬಿಳಿ ಉಳಿಯಿತು.

ಪುಟ ಎ5, ಅಂದರೆ 148 × 210 ಮಿ.ಮೀ. ಅಂಚು ಎಡಬಲ 18 ಮಿ.ಮೀ., ಸಾಲಿಗೆ 112 ಮಿ.ಮೀ. ಉಳಿಯುತ್ತದೆ. ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ದೊಡ್ಡ ಕಂಡಿ ಬಿದ್ದವು. ‘ಉಪಯೋಗಿಸಲಾಗುತ್ತಿತ್ತಂತೆ’ ಥರದ ಪದ ಮುಂದಿನ ಸಾಲಿಗೆ ಹೋದರೆ ಈ ಸಾಲು ಹಿಗ್ಗಿ ನಿಲ್ಲುತ್ತದೆ. ಎಡಕ್ಕೆ ಮಾತ್ರ ಹೊಂದಿಸಿದೆ. ಬಲದ ಅಂಚು ಏರುಪೇರಾದರೂ ಓದುವ ಕಣ್ಣಿಗೆ ಅದೇ ಹಿತ.

ಹಂತ 7: ವರ್ಡ್‌ನಲ್ಲಿ ತೆರೆದಾಗ

ನನ್ನ ಕಡೆ ಪರೀಕ್ಷೆಗೆ ವರ್ಡ್‌ನಲ್ಲಿ ತೆರೆದರೆ ತಲೆಬರಹಗಳು ನೋಟೊದಲ್ಲಿ, ಒಳಗಿನ ಬಹುಪಾಲು ಪಠ್ಯ ಟುಂಗಾದಲ್ಲಿ! ಇದಕ್ಕೆ ಎರಡು ಕಾರಣ ಸಿಕ್ಕವು.

ಪೈಥಾನ್-ಡಾಕ್ಸ್‌ನಲ್ಲಿ ರನ್‌ಗೆ ಫಾಂಟಿನ ಹೆಸರು ಕೊಟ್ಟರೆ ಅದು ಪಾಶ್ಚಾತ್ಯ ಲಿಪಿಯ ಜಾಗಕ್ಕೆ ಮಾತ್ರ ಬರೆಯುತ್ತದೆ. ಕನ್ನಡಕ್ಕೆ ವರ್ಡ್ ನೋಡುವುದು ‘ಸಿಎಸ್’ (ಕಾಂಪ್ಲೆಕ್ಸ್ ಸ್ಕ್ರಿಪ್ಟ್) ಅನ್ನುವ ಬೇರೆ ಜಾಗವನ್ನು. ಗಾತ್ರಕ್ಕೂ, ದಪ್ಪಕ್ಕೂ ಹೀಗೇ ಬೇರೆ ಜಾಗ ಇದೆ. ಸಿಎಸ್ ಜಾಗದಲ್ಲಿ ಹೆಸರಿಲ್ಲದಿದ್ದರೆ ಶೈಲಿ, ಅಲ್ಲೂ ಇಲ್ಲದಿದ್ದರೆ ಥೀಮ್ (ಕಡತದ ಮೂಲ ಫಾಂಟ್, ಬಣ್ಣಗಳ ಪಟ್ಟಿ) ನೋಡುತ್ತದೆ. ಆಫೀಸಿನ ಮಾಮೂಲಿ ಥೀಮ್‌ನಲ್ಲಿ ಕನ್ನಡ ಲಿಪಿಯ ಎದುರು ಬರೆದಿರುವುದು ಟುಂಗಾ. ಕಡತ ಅಲ್ಲಿಂದಲೇ ಅದನ್ನು ಎತ್ತಿಕೊಂಡಿತ್ತು.

ಸರಿ ಮಾಡಿದ್ದು ಹೀಗೆ. ರನ್‌ಗಳ ಮೇಲೆ ನೇರವಾಗಿ ಕೂತಿದ್ದ ಫಾಂಟ್, ಗಾತ್ರಗಳನ್ನು ಸ್ಕ್ರಿಪ್ಟ್‌ನಿಂದ ತೆಗೆದುಹಾಕಿದೆ. ‘ಮೈಪಠ್ಯ’, ‘ಗಿಡದ ಹೆಸರು’, ‘ಸಸ್ಯನಾಮ’, ‘ಅಡಿಬರಹ’ ಅಂತ ಶೈಲಿಗಳನ್ನು ಮಾತ್ರ ಉಳಿಸಿ, ಪ್ರತಿಯೊಂದರಲ್ಲೂ ಎರಡೂ ಜಾಗಕ್ಕೆ ಫಾಂಟ್ ಮತ್ತು ಗಾತ್ರ ಬರೆದೆ. ವರ್ಡ್‌ನಲ್ಲಿ ಕೈಯಿಂದ ಮಾಡುವವರು ಮೊದಲು ಆಫೀಸಿನ ಭಾಷಾ ಆಯ್ಕೆಯಲ್ಲಿ ಕನ್ನಡ ಸೇರಿಸಿಕೊಳ್ಳಿ. ಆಮೇಲೆ ಕಂಟ್ರೋಲ್ ಮತ್ತು ಡಿ ಒತ್ತಿದರೆ ಬರುವ ಪೆಟ್ಟಿಗೆಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಭಾಗ ಕಾಣುತ್ತದೆ. ಬದಲಾಯಿಸಬೇಕಾದದ್ದು ಅದನ್ನು. ಮೇಲಿನ ಪಟ್ಟಿಯಿಂದ ಫಾಂಟ್ ಆರಿಸುವ ಅಭ್ಯಾಸ ಬಿಟ್ಟು ಶೈಲಿಯಲ್ಲೇ ಬದಲಾಯಿಸಿದರೆ ಮುಂದೆ ತಲೆನೋವು ಕಮ್ಮಿ.

ನೆಟ್‌ನಿಂದ ತಂದು ಅಂಟಿಸಿದ ಪ್ಯಾರಾಗಳು ತಮ್ಮ ಫಾಂಟನ್ನೂ ಹೊತ್ತು ತಂದಿದ್ದವು. ಆಯ್ಕೆ ಮಾಡಿ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿದರೆ ಅದು ಹೋಗಿ ಶೈಲಿಯ ಫಾಂಟ್ ಬರುತ್ತದೆ.

ದೊಡ್ಡಮ್ಮನ ಕಂಪ್ಯೂಟರಿನಲ್ಲಿ ನೋಟೊ ಇರಲಿಲ್ಲ. ವರ್ಡ್‌ನ ಆಯ್ಕೆಗಳಲ್ಲಿ ‘ಸೇವ್’ ವಿಭಾಗದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಗುರುತು ಇದೆ. ರೈಟರ್‌ನಲ್ಲಿ ಅದು ಕಡತದ ಪ್ರಾಪರ್ಟೀಸ್‌ನ ಫಾಂಟ್ ಪುಟದಲ್ಲಿದೆ. ನೋಟೊ ಮುಕ್ತ ಪರವಾನಗಿಯದು, ಸೇರಿಸಲು ಅಡ್ಡಿ ಇಲ್ಲ. ಆದರೂ ಅವರ ಕಂಪ್ಯೂಟರಿನಲ್ಲೇ ಫಾಂಟ್ ಹಾಕಿಕೊಟ್ಟು ಬಂದೆ. ದಿನಾ ಅದರಲ್ಲೇ ತಿದ್ದುವವರಿಗೆ ಅದೇ ಗಟ್ಟಿ ದಾರಿ.

ಹಂತ 8: ಪಿಡಿಎಫ್

ರೈಟರ್‌ನಿಂದ ಪಿಡಿಎಫ್/ಎ ರೂಪಕ್ಕೆ ರಫ್ತು ಮಾಡಿದೆ. ಪಿಡಿಎಫ್ ಓದುಗದ ಪ್ರಾಪರ್ಟೀಸ್‌ನಲ್ಲಿ ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ (ಕಡತದೊಳಗೇ ಸೇರಿದೆ) ಅಂತ ಇದೆಯೇ ನೋಡಿದೆ. ಟುಂಗಾ ಅನ್ನುವ ಹೆಸರು ಇನ್ನೂ ಒಂದು ಕಡೆ ಇತ್ತು. ಹುಡುಕಿದರೆ ಪುಟಸಂಖ್ಯೆಯ ಪಕ್ಕದ ‘ಪುಟ’ ಅನ್ನುವ ಪದ! ಪುಟದ ಬುಡದ ಫೂಟರ್‌ಗೆ, ಅಡಿಟಿಪ್ಪಣಿಗೆ, ಪರಿವಿಡಿಗೆ ಬೇರೆ ಶೈಲಿಗಳಿರುತ್ತವೆ. ಅವನ್ನೂ ಬದಲಾಯಿಸಬೇಕು. ಫಾಂಟ್‌ಗಳ ಈ ಪಟ್ಟಿ ನೋಡದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಕೆಲವು ಓದುಗಗಳಲ್ಲಿ ಅಕ್ಷರಗಳ ಕ್ರಮ ಕೆಟ್ಟು ಬಂತು. ಹುಡುಕಲು ಡಾಕ್ಸ್, ಪ್ರಿಂಟಿಗೆ ಪಿಡಿಎಫ್ ಅಂತ ಎರಡನ್ನೂ ಕೊಟ್ಟಿದ್ದೇನೆ.

ಇನ್ನೂ ಬಾಕಿ

ಕೊನೆಯಲ್ಲಿ ಗಿಡಗಳ ಅಕಾರಾದಿ ಬೇಕು. ಹೆಸರುಗಳನ್ನು ಒಂದು ಕೋಷ್ಟಕಕ್ಕೆ ತಂದು, ಭಾಷೆ ಕನ್ನಡ ಅಂತ ಕೊಟ್ಟು ಜೋಡಿಸಿದೆ. ನಾಲ್ಕನೇ ಹಂತದ ಶುದ್ಧಿ ಆದಮೇಲೆ ಬಹುಪಾಲು ಸರಿಯಾಗಿ ಕೂತಿವೆ. ‘ಗಂಧ’ದ ಎರಡು ನಮೂದು ಬೇರೆಬೇರೆ ಕಡೆ ಬಂದಿವೆ. ಒಂದರಲ್ಲಿ ಇನ್ನೂ ಯಾವುದೋ ಕಾಣದ ಸಂಕೇತ ಉಳಿದಿರಬೇಕು. ಅದನ್ನು ಹುಡುಕುತ್ತಿದ್ದೇನೆ. ದೊಡ್ಡಮ್ಮ ಆಗಲೇ 40ನೇ ಪುಟದವರೆಗೆ ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸಿದ್ದಾರೆ. ಅದರಲ್ಲಿ ಅಕ್ಷರದ ಬಗ್ಗೆ ದೂರಿಲ್ಲ. ತಿದ್ದಿರುವುದೆಲ್ಲ ಗಿಡಗಳ ವಿಷಯ.